ಹಳೆಯ ಎಚ್‌ಎಂಟಿ ಪೈಲಟ್ ಹೊಸದರ ಹಾಗೆ ಹೊಳೆಯುತ್ತಿದ್ದರೆ ನಂಬಬಹುದಾ?

ನೀವು ಕೇಳಿದ್ದು ಇಷ್ಟು: ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಒಬ್ಬರು ಕಪ್ಪು ಡಯಲ್‌ನ ಎಚ್‌ಎಂಟಿ ಪೈಲಟ್ (ಚಾವಿ ಕೊಟ್ಟು ಓಡಿಸುವ ಕೈಗಡಿಯಾರ) ತೋರಿಸಿ, "ಎಪ್ಪತ್ತರ ದಶಕದ ಮಾಲ್ ಅದರೀ, ಒಂದ್ ಸ್ಕ್ರೂ ಭಿ ಬಿಚ್ಚಿಲ್ಲ" ಅಂದಿದ್ದಾರೆ. ವಾಚ್ ಲಕಲಕ ಅನ್ನುತ್ತಿದೆ. ಅಸಲಿಯಾ, ರಿಪೇರಿ ಮಾಡಿ ಹೊಸದು ಮಾಡಿದ್ದಾ?

ಮೊದಲಿಗೆ, ಸ್ಕ್ರೂ ಬಿಚ್ಚಿಲ್ಲ ಅನ್ನುವುದು ಹೊಗಳಿಕೆಯೇ ಅಲ್ಲ. ಅಷ್ಟು ವರ್ಷ ಬಿಚ್ಚದ ಮಷಿನ್‌ನಲ್ಲಿ ಎಣ್ಣೆ ಒಣಗಿ ಅಂಟಾಗಿರುತ್ತದೆ. ಹಾಗೇ ಓಡಿಸಿದರೆ ಚಕ್ರಗಳ ಪಿವಟ್, ಅಂದರೆ ಚಕ್ರ ತಿರುಗುವ ಸಣ್ಣ ತುದಿ, ಸವೆಯುತ್ತದೆ. ಸರ್ವಿಸ್ ಆಗಿರುವುದು, ಗಾಜು ಬದಲಾಗಿರುವುದು, ವಾಚ್ ಓಡಿಸುವ ಮೈನ್ ಸ್ಪ್ರಿಂಗ್ ಹೊಸದಾಗಿರುವುದು ದೋಷವಲ್ಲ. ಅಕ್ರಿಲಿಕ್ ಗಾಜು ಗೀಚಾಗುವುದೇ ಅದರ ಧರ್ಮ, ಬದಲಾಗಲಿಕ್ಕೇ ಇರುವ ಸಾಮಾನು ಅದು. ಕೆಡುಕು ಇರುವುದು ಡಯಲ್‌ಗೆ ಮತ್ತೆ ಬಣ್ಣ ಬಳಿದಿದ್ದರೆ. ಒಮ್ಮೆ ಹಳೆಯ ಅಚ್ಚು ಕೆರೆದು ತೆಗೆದ ಮೇಲೆ ಅದು ವಾಪಸ್ ಬರುವುದಿಲ್ಲ.

ಇನ್ನೊಂದು ವಿಷಯ. ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾಯಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ. ಪೈಲಟ್ ಮಾಡೆಲ್ ದಶಕಗಟ್ಟಲೆ ತಯಾರಾಗುತ್ತಲೇ ಇತ್ತು. ಹಾಗಾಗಿ ನಿಮಗೆ ತೋರಿಸಿದ್ದು ಅಸಲಿಯೇ ಇರಬಹುದು, ಆದರೆ ಎಪ್ಪತ್ತರ ದಶಕದ್ದಲ್ಲದೆ ಕೊನೆಕೊನೆಯ ವರ್ಷಗಳದ್ದಾಗಿರಬಹುದು. ಈ ಮೂರನೆಯ ಸಾಧ್ಯತೆಯನ್ನು ಎಲ್ಲರೂ ಮರೆಯುತ್ತಾರೆ. ಆದ್ದರಿಂದ ನೋಡಬೇಕಾದ್ದು ಹೊಳಪನ್ನಲ್ಲ. ಡಯಲ್, ಮುಳ್ಳು, ಕೇಸ್, ಮಷಿನ್ ಈ ನಾಲ್ಕೂ ಒಂದೇ ವಯಸ್ಸಿನವು ಅನಿಸುತ್ತವೆಯಾ ಅನ್ನುವುದನ್ನು.

ಡಯಲ್‌ನಿಂದ ಶುರು ಮಾಡಿ, ಅರ್ಧ ಹೊತ್ತು ಅಲ್ಲೇ ಕಳೆಯಿರಿ. 10 ಪಟ್ಟು ದೊಡ್ಡದಾಗಿ ತೋರಿಸುವ ಐಗ್ಲಾಸ್ ಬೇಕು. ಮೊಬೈಲ್ ಜೂಮ್ ಸಾಲದು. ಅಂಗಡಿಯ ಬಿಳಿ ಲೈಟಿನಡಿ ಬೇಡ, ಹೊರಗೆ ಹಗಲು ಬೆಳಕಿಗೆ ತಂದು ಓರೆ ಮಾಡಿ ಹಿಡಿಯಿರಿ. ಕಂಪನಿ ಅಚ್ಚಿನ ಅಕ್ಷರ ಬಿದರಿ ಕೆಲಸದ ಬೆಳ್ಳಿ ಗೆರೆಯ ಹಾಗೆ ಅಂಚು ಕಡಿದು ನಿಂತಿರುತ್ತದೆ. ಮರುಬಣ್ಣದ ಡಯಲ್‌ನಲ್ಲಿ ಅಕ್ಷರದ ಅಂಚು ಹಿಂಜಿದ ಹಾಗೆ, 'ಪ್ಯಾರಾಶಾಕ್' (ಬಿದ್ದರೆ ಪೆಟ್ಟು ತಡೆಯುವ ವ್ಯವಸ್ಥೆಯ ಹೆಸರು) ಪದದ ಅಕ್ಷರಗಳ ನಡುವಿನ ಜಾಗ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. '17 ಜ್ಯುವೆಲ್ಸ್' (ಮಷಿನ್‌ನೊಳಗಿನ ಸವೆತ ತಡೆಯುವ ಹರಳುಗಳ ಸಂಖ್ಯೆ) ಸಾಲು ಡಯಲ್‌ನ ನಡುಗೆರೆಗೆ ಕೂದಲೆಳೆಯಷ್ಟು ವಾಲಿರುತ್ತದೆ. ನಿಮಿಷದ ಗೆರೆಗಳನ್ನು ಸುತ್ತಲೂ ಎಣಿಸುತ್ತ ಹೋಗಿ. ಎಲ್ಲೋ ಒಂದು ಕಡೆ ಗೆರೆ ದಪ್ಪವಾಗುತ್ತದೆ, ಇಲ್ಲವೇ 12ರ ಗೆರೆ ಅಂಕಿಯ ನೇರಕ್ಕೆ ಬರುವುದಿಲ್ಲ. ಬಣ್ಣದೊಳಗೆ ಸಿಕ್ಕಿಬಿದ್ದ ಧೂಳಿನ ಕಣ ಕಂಡರೆ ಕೈಕೆಲಸ ಅಂತ ಖಚಿತ. ಡಯಲ್ ಅಂಚಿನಲ್ಲಿ ಅರದಿಂದ ಉಜ್ಜಿದಂಥ ಸಣ್ಣ ಕಚ್ಚು ಇದ್ದರೆ, ಬಣ್ಣ ಹಾಕುವವರು ದಿಕ್ಕು ತಪ್ಪದಿರಲಿ ಅಂತ ಮಾಡಿಕೊಂಡ ಗುರುತು ಅದು.

ಕಿತ್ತಳೆ ಡಯಲ್ ಮೇಲೆ ವಿಮಾನದ ಚಿತ್ರ, ಗಿಳಿಹಸಿರು ಡಯಲ್ ಮೇಲೆ ಸೈನ್ಯದ ಬಾಣ, ಇಂಥವನ್ನು ತೋರಿಸಿದರೆ ಐಗ್ಲಾಸ್ ತೆಗೆಯುವ ಕಷ್ಟವೂ ಬೇಡ. ವಾಚ್ ಕೂಡಿಡುವವರು 'ಮುಂಬೈ ಸ್ಪೆಷಲ್' ಅಂತ ಹೆಸರಿಟ್ಟ, ಡಯಲ್‌ಗೆ ಹೊಸದಾಗಿ ಬಣ್ಣ ಬಳಿದ ಮಾಲು ಅದು.

ಆಮೇಲೆ ರೇಡಿಯಂ ಅಂತ ಎಲ್ಲರೂ ಕರೆಯುವ ಹೊಳೆಯುವ ಬಣ್ಣ. ಟಾರ್ಚ್ ಬೆಳಕನ್ನು 10 ಸೆಕೆಂಡ್ ಬಿಟ್ಟು ಅಂಗೈ ಮುಚ್ಚಿ ಕತ್ತಲು ಮಾಡಿ ನೋಡಿ. ಎಪ್ಪತ್ತರ ದಶಕದ ಬಣ್ಣ ಒಂದು ಕ್ಷಣ ಮಿನುಗಿ ಆರುತ್ತದೆ, ಇಲ್ಲವೇ ಮಿನುಗುವುದೇ ಇಲ್ಲ. ಹತ್ತು ನಿಮಿಷ ಹಸಿರಾಗಿ ಉರಿದರೆ ಅದು ತೊಂಬತ್ತರ ದಶಕದ ನಂತರ ಬಂದ ಬಣ್ಣ: ಒಂದೋ ವಾಚೇ ಈಚಿನದು, ಇಲ್ಲ ಬಣ್ಣ ಮತ್ತೆ ತುಂಬಿದ್ದು. ಡಯಲ್ ಮೇಲಿನದು ಉರಿದು ಮುಳ್ಳಿನದು ಉರಿಯದಿದ್ದರೆ ಎರಡೂ ಬೇರೆ ಬೇರೆ ಮನೆಯವು. ಹಳೆಯ ವಾಚಿನ ಆ ಬಣ್ಣವನ್ನು ನೀವೇ ಕೆರೆಯಲು ಹೋಗಬೇಡಿ. ಹಿಂದಿನ ಎಷ್ಟೋ ಕಂಪನಿಗಳು ನಿಜವಾದ ರೇಡಿಯಂ ಬಳಸುತ್ತಿದ್ದವು, ಪುಡಿ ಮೂಗಿಗೆ ಹೋಗಬಾರದು.

ಮುಳ್ಳಿಗೆ ಒಂದೇ ಪರೀಕ್ಷೆ: ದೊಡ್ಡ ಮುಳ್ಳಿನ ತುದಿ ನಿಮಿಷದ ಗೆರೆಗೆ ತಾಗಬೇಕು. ಗಿಡ್ಡವಾಗಿದ್ದರೆ ಬೇರೆ ಮಾಡೆಲ್‌ನದು.

ಕೇಸ್ ವಿಷಯದಲ್ಲಿ ನಮ್ಮ ಕಡೆಯ ಬಿಸಿಲನ್ನು ಲೆಕ್ಕಕ್ಕೆ ತಗೊಳ್ಳಬೇಕು. 40 ಡಿಗ್ರಿ ದಾಟುವ ಬೇಸಿಗೆಗಳಲ್ಲಿ ಬೆವರುವ ಕೈಯಲ್ಲಿದ್ದ ವಾಚಿನ ಕ್ರೋಮ್ ಮೊದಲು ಕೆಡುವುದು ಹಿಂದುಗಡೆ, ಬೆಲ್ಟ್ ಕೂರುವ ಕಿವಿಗಳ ಒಳಬದಿಯಲ್ಲಿ. ಅಲ್ಲಿ ಸಿಡುಬಿನ ಕಲೆಯಂಥ ಕುಳಿಗಳಿದ್ದು, ಆ ಕುಳಿಗಳ ಒಳಗೂ ಹೊಳಪು ಕಂಡರೆ ಮೇಲೆ ಹೊಸ ಕ್ರೋಮ್ ಪಾಲಿಶ್ ಕುಡಿಸಿದ್ದಾರೆ. ಕಿವಿಗಳ ಮೂಲೆ ಸೋಪಿನ ಹಾಗೆ ದುಂಡಗಾಗಿ, ಹಿಂದಿನ ಮುಚ್ಚಳದ ಅಕ್ಷರ ಬೆರಳಿಗೆ ಹತ್ತದಿದ್ದರೆ ಬಫಿಂಗ್ (ಉಜ್ಜಿ ಹೊಳಪು ಬರಿಸುವುದು) ಹೆಚ್ಚಾಗಿದೆ. ಚಾವಿ ಮತ್ತು ಕೇಸ್ ನಡುವೆ ಸಂದು ಇದ್ದರೆ ಸ್ಟೆಮ್ (ಚಾವಿಯಿಂದ ಒಳಗೆ ಹೋಗುವ ಕಡ್ಡಿ) ಬದಲಿಸುವಾಗ ಉದ್ದ ಸರಿಯಾಗಿ ಕತ್ತರಿಸಿಲ್ಲ; ಧೂಳು ನೇರ ಒಳಗೆ.

ಇನ್ನು ಮುಚ್ಚಳ ತೆಗೆಸಿ. ತೆಗೆಯಲ್ಲ ಅಂದರೆ ಎದ್ದು ಬನ್ನಿ. ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ಗೀಚಿದ ತಾರೀಖು, ಗುರುತು ಇದ್ದರೆ ಖುಷಿಪಡಿ: ಹಳೆಯ ರಿಪೇರಿಯವರು ಸರ್ವಿಸ್ ಮಾಡಿದಾಗ ಬಿಟ್ಟ ದಾಖಲೆ ಅದು, ನಿಮ್ಮ ಮಾರಾಟಗಾರರ ಬಾಯಿಮಾತಿಗಿಂತ ಗಟ್ಟಿ. ಬ್ರಿಜ್ (ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿ) ಮೇಲೆ ಎಚ್‌ಎಂಟಿ ಹೆಸರು ಇದೆಯಾ, ಜ್ಯುವೆಲ್ ಸಂಖ್ಯೆ ಡಯಲ್‌ಗೆ ಹೊಂದುತ್ತದೆಯಾ ನೋಡಿ. ಒಂದು ಬ್ರಿಜ್‌ನ ಬಣ್ಣ ಪಕ್ಕದ್ದಕ್ಕೆ ಹೊಂದದಿದ್ದರೆ ಎರಡು ಸತ್ತ ವಾಚ್ ಸೇರಿಸಿ ಒಂದು ಬದುಕಿಸಿದ್ದಾರೆ. ಸ್ಕ್ರೂ ತಲೆಗಳು ಕಿತ್ತುಹೋಗಿದ್ದರೆ ಅಳತೆ ತಪ್ಪಿದ ಡ್ರೈವರ್ ಹಾಕಿದ ಕೈ ಅದು, ಒಳಗೂ ಅದೇ ಕೈ ಓಡಾಡಿರುತ್ತದೆ. ಡಯಲ್ ಅಡಿಯಿಂದ ಅಂಟು ಇಣುಕುತ್ತಿದ್ದರೆ ಡಯಲ್‌ನ್ನು ಮಷಿನ್‌ಗೆ ಹಿಡಿಸುವ ಕಾಲು ಮುರಿದಿದೆ.

ಟೈಮ್‌ಗ್ರಾಫರ್ (ವಾಚಿನ ಬಡಿತ ಅಳೆಯುವ ಯಂತ್ರ) ಇರುವ ಅಂಗಡಿ ಸಿಕ್ಕರೆ ಪೂರ್ತಿ ಚಾವಿ ಕೊಟ್ಟು, ಡಯಲ್ ಮೇಲ್ಮುಖ ಮಾಡಿ ಇಡಿಸಿ. ಈ ಮಷಿನ್ ಬಡಿಯುವುದು ಗಂಟೆಗೆ 18,000 ಸಲ. ಆ್ಯಂಪ್ಲಿಟ್ಯೂಡ್ (ಒಳಗಿನ ಬ್ಯಾಲೆನ್ಸ್ ಚಕ್ರ ಎಷ್ಟು ತೂಗುತ್ತದೆ ಅನ್ನುವ ಅಳತೆ) 250 ಡಿಗ್ರಿಯ ಮೇಲಿದ್ದರೆ ಚೆನ್ನ; 200ರ ಕೆಳಗಿದ್ದರೆ ಸರ್ವಿಸ್ ಖರ್ಚು ನಿಮ್ಮ ತಲೆಗೆ. ಮೊಬೈಲ್ ಆ್ಯಪ್ ದಿನಕ್ಕೆಷ್ಟು ಸೆಕೆಂಡ್ ಹೆಚ್ಚುಕಮ್ಮಿ ಅನ್ನುವುದನ್ನು ತಕ್ಕಮಟ್ಟಿಗೆ ಹೇಳುತ್ತದೆ, ಆ್ಯಂಪ್ಲಿಟ್ಯೂಡ್ ವಿಷಯದಲ್ಲಿ ಅದನ್ನು ನಂಬಬೇಡಿ.

ಜಪಾನಿನ ಸೀಕೋ ಕಂಪನಿಯ ಸೀಕೋ 5 ವಾಚ್ ತೋರಿಸಿದರೆ ಒಂದು ಮಾತು, ಯಾಕಂದರೆ ನಮ್ಮ ಕಡೆ ದುಬೈ, ಸೌದಿಯಿಂದ ಬಂದವು ಬಹಳ. ವಾರದ ಹೆಸರು ಅರಬ್ಬಿಯಲ್ಲಿದೆ ಅಂತ ನಕಲಿ ಅನ್ನಬೇಡಿ, ಆ ಮಾರುಕಟ್ಟೆಗೆ ಹಾಗೇ ಬರುತ್ತಿದ್ದವು. ಮುಚ್ಚಳದ ಮೇಲಿನ ನಂಬರಿನ ಮೊದಲ ನಾಲ್ಕು ಅಂಕಿ (ಉದಾಹರಣೆಗೆ 7009) ಡಯಲ್‌ನ ಕೆಳಅಂಚಿನ ಸಣ್ಣ ಅಂಕಿಗೂ ಮಷಿನ್‌ಗೂ ಹೊಂದಬೇಕು. 7009 ಅಂದರೆ 17 ಜ್ಯುವೆಲ್. ಡಯಲ್ ಮೇಲೆ 21 ಅಂತಿದ್ದರೆ ಡಯಲ್ ಬೇರೆಯದು.

ಇಷ್ಟೆಲ್ಲ ನೋಡಿ ಡಯಲ್ ಮರುಬಣ್ಣದ್ದು ಅಂತ ಗೊತ್ತಾಗಿಯೂ ಮನಸ್ಸಿಗೆ ಹಿಡಿಸಿದರೆ ತಗೊಳ್ಳಿ, ದಿನಾ ಕಟ್ಟಲಿಕ್ಕೆ ಏನೂ ಅಡ್ಡಿಯಿಲ್ಲ. ಅಸಲಿ ಡಯಲ್‌ನ ದರ ಮಾತ್ರ ಕೊಡಬೇಡಿ, ಚೀಟಿಯಲ್ಲಿ 'ಡಯಲ್ ರೀಪೇಂಟ್' ಅಂತ ಬರೆಸಿಕೊಳ್ಳಿ.