ಟರ್ಕಿ, ಹ್ಯಾಮ್, ಪೈ ಇರುವ ಹಬ್ಬದೂಟಕ್ಕೆ ಯಾವ ವೈನ್? ಎಲ್ಲಕ್ಕೂ ಒಂದೇ ಕ್ಯಾಬರ್ನೆ ಸಾಕೇ?

ನಿಮ್ಮ ಪ್ರಶ್ನೆ ಇಷ್ಟು: ಮೇಜಿಗೆ ಎಂಟು ಜನ. ಮೊದಲು ಹೊಗೆ ಹಾಕಿದ ಸಾಲ್ಮನ್ ಮೀನು. ಆಮೇಲೆ ಸ್ಟಫಿಂಗ್ ತುಂಬಿದ ರೋಸ್ಟ್ ಟರ್ಕಿ, ಗ್ರೇವಿ, ಕ್ರ್ಯಾನ್‌ಬೆರಿ ಸಾಸ್, ಜೇನು ಸವರಿ ಬೇಯಿಸಿದ ಹ್ಯಾಮ್, ಸಿಹಿಗೆಣಸು. ಕೊನೆಗೆ ಕುಂಬಳಕಾಯಿ ಪೈ ಮತ್ತು ಚೀಸ್. ಇದಕ್ಕೆಲ್ಲ ಸೇರಿ ಎರಡು ಬಾಟಲಿ ದುಬಾರಿ ಕೆಂಪು ವೈನ್, ಕ್ಯಾಬರ್ನೆ ಸೊವಿನ್ಯೋನ್, ತೆಗೆದಿಟ್ಟಿದ್ದೀರಿ, ಅದು ಹೊಂದುತ್ತದೆಯೇ ಎಂದು ಕೇಳಿದ್ದೀರಿ.

ಮುಖ್ಯ ಊಟಕ್ಕೆ ಹೊಂದುವುದಿಲ್ಲ. ವೈನ್ ಕೆಟ್ಟದ್ದು ಅಂತಲ್ಲ, ನಿಮ್ಮ ತಟ್ಟೆ ಅದಕ್ಕೆ ಸರಿಯಾದ ಜೊತೆಯಲ್ಲ. ಅದಕ್ಕೂ ಈ ಊಟದಲ್ಲೇ ಒಂದು ಜಾಗವಿದೆ, ಮುಂದೆ ಹೇಳುತ್ತೇನೆ.

ಹೋಟೆಲಿನಲ್ಲಿ ಒಂದೊಂದೇ ತಿನಿಸು ಬರುತ್ತದೆ, ಒಂದೊಂದಕ್ಕೂ ಒಂದು ವೈನ್ ಆರಿಸಬಹುದು. ಹಬ್ಬದ ಮೇಜಿನಲ್ಲಿ ಹಾಗಲ್ಲ. ಒಂದೇ ತಟ್ಟೆಯಲ್ಲಿ ಉಪ್ಪು, ಹುಳಿ, ಸಿಹಿ, ಜಿಡ್ಡು ನಾಲ್ಕೂ ಒಟ್ಟಿಗೆ ಬಂದು ಕೂರುತ್ತವೆ. ಹೆಚ್ಚಿನವರು ಮಾಂಸ ನೋಡಿ ವೈನ್ ಆರಿಸುತ್ತಾರೆ, ಎಡವುವುದು ಅಲ್ಲೇ. ಟರ್ಕಿಯ ಎದೆಮಾಂಸಕ್ಕೆ ತನ್ನದೇ ಆದ ಜೋರು ರುಚಿಯಿಲ್ಲ, ಕೊಬ್ಬೂ ಕಡಿಮೆ, ಅದು ಯಾವ ವೈನಿಗೂ ಅಡ್ಡ ಬರುವುದಿಲ್ಲ. ತೊಂದರೆ ಕೊಡುವುದು ಪಕ್ಕದಲ್ಲಿರುವವು. ಆದ್ದರಿಂದ ತಟ್ಟೆಯಲ್ಲಿ ಎಲ್ಲಕ್ಕಿಂತ ಸಿಹಿ ಯಾವುದು, ಎಲ್ಲಕ್ಕಿಂತ ಹುಳಿ ಯಾವುದು ಎಂದು ನೋಡಿ ವೈನ್ ಆರಿಸಿ. ನಿಮ್ಮ ಊಟದಲ್ಲಿ ಎರಡಕ್ಕೂ ಉತ್ತರ ಕ್ರ್ಯಾನ್‌ಬೆರಿ ಸಾಸ್, ಅದರ ಹಿಂದೆಯೇ ಹ್ಯಾಮಿನ ಜೇನು.

ಈಗ ಕ್ಯಾಬರ್ನೆ ಅಲ್ಲಿ ಏಕೆ ಸೋಲುತ್ತದೆ ಅಂದರೆ, ಅದರಲ್ಲಿ ಟ್ಯಾನಿನ್ ಹೆಚ್ಚು. ಟ್ಯಾನಿನ್ ಎಂದರೆ ಒಗರು, ತುಂಬಾ ಹೊತ್ತು ನೆನೆದ ಕಪ್ಪು ಚಹಾ ಕುಡಿದಾಗ ಬಾಯಿ ಒಣಗಿ ಹಿಡಿದುಕೊಳ್ಳುತ್ತದಲ್ಲ, ಅದೇ. ಅದು ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ನಾಲಿಗೆಯ ನುಣುಪು ಹೋಗುತ್ತದೆ. ರಸಭರಿತ ದನದ ಅಥವಾ ಕುರಿಯ ರೋಸ್ಟ್ ಇದ್ದರೆ ಅದರ ಕೊಬ್ಬು, ಪ್ರೋಟೀನು, ಮೇಲಿನ ಉಪ್ಪು ಆ ಒಗರನ್ನು ಮೆತ್ತಗೆ ಮಾಡುತ್ತವೆ. ಟರ್ಕಿಯ ಎದೆಯಲ್ಲಿ ಅಷ್ಟು ಜಿಡ್ಡಿಲ್ಲ, ಮಾಂಸ ಮೊದಲೇ ಒಣಗಲು, ಒಗರು ಅದನ್ನು ಇನ್ನಷ್ಟು ಒಣಗಿಸುತ್ತದೆ. ಅದರ ಮೇಲೆ ಸಿಹಿ ಸಾಸ್ ಬಿತ್ತೆಂದರೆ ವೈನಿನ ಹಣ್ಣಿನ ರುಚಿ ಮಾಯವಾಗಿ ಹುಳಿ ಮತ್ತು ಕಹಿ ಮಾತ್ರ ಉಳಿಯುತ್ತವೆ. ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ವೈನ್ ಯಾವಾಗಲೂ ಹುಳಿಯಾಗಿಯೇ ಕಾಣುತ್ತದೆ. ಇಡೀ ವಿಷಯದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಾಗಾದರೆ ಬೇಕಾದದ್ದು ಹುಳಿ ಚೆನ್ನಾಗಿರುವ, ಒಗರು ಕಡಿಮೆಯಿರುವ, ಓಕ್ ಪೀಪಾಯಿಯ ವಾಸನೆ ಮುಂದೆ ನಿಲ್ಲದ ವೈನ್. ಎರಡು ಬಗೆ ಇಡಿ, ಒಂದು ಬಿಳಿ, ಒಂದು ಕೆಂಪು. ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ಅವರವರಿಗೆ ಬೇಕಾದದ್ದನ್ನು ಬಗ್ಗಿಸಿಕೊಳ್ಳಲು ಬಿಡಿ.

ಬಿಳಿಯಲ್ಲಿ ನನ್ನ ಮೊದಲ ಆಯ್ಕೆ ಸ್ವಲ್ಪ ಸಿಹಿ ಉಳಿದಿರುವ ರೀಸ್ಲಿಂಗ್. ಜರ್ಮನಿಯದಾದರೆ ಲೇಬಲ್ ಮೇಲೆ ಕಾಬಿನೆಟ್ (ಹಗುರ ವೈನಿನ ದರ್ಜೆ) ಎಂದಿರಲಿ, ಆದರೆ ಟ್ರೋಕನ್ ಎಂಬ ಪದ ಇರಬಾರದು. ಟ್ರೋಕನ್ ಎಂದರೆ ಸಿಹಿಯಿಲ್ಲದ್ದು. ಲೇಬಲ್ ಓದಲು ತಿಳಿಯದಿದ್ದರೆ ಆಲ್ಕೋಹಾಲ್ ಪ್ರಮಾಣ ನೋಡಿ. ರೀಸ್ಲಿಂಗ್‌ನಲ್ಲಿ 8ರಿಂದ 9 ಶೇಕಡಾ ಇದ್ದರೆ ದ್ರಾಕ್ಷಿಯ ಸಕ್ಕರೆ ಪೂರ್ತಿ ಹುದುಗಿಲ್ಲ, ಸಿಹಿ ಉಳಿದಿದೆ ಎಂದರ್ಥ. 12ರ ಮೇಲಿದ್ದರೆ ಬಹುತೇಕ ಸಿಹಿಯಿಲ್ಲದ್ದೇ. ಈ ಸಣ್ಣ ಸಿಹಿ ಕ್ರ್ಯಾನ್‌ಬೆರಿಗೂ ಜೇನಿಗೂ ಸಮ ನಿಲ್ಲುತ್ತದೆ, ಹ್ಯಾಮಿನ ಉಪ್ಪಿನ ಜೊತೆ ಇನ್ನೂ ಚೆಂದ, ಹುಳಿಯು ಗ್ರೇವಿಯ ಜಿಡ್ಡನ್ನು ತೊಳೆಯುತ್ತದೆ. ಸಿಹಿ ವೈನ್ ಎಂದರೆ ಮೂಗು ಮುರಿಯುವವರು ಮೇಜಿನಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಹೆಸರು ಹೇಳದೆ ಹ್ಯಾಮಿನ ತುಂಡಿನ ಜೊತೆ ಒಂದು ಗುಟುಕು ಕೊಡಿ. ರೀಸ್ಲಿಂಗ್ ಸಿಗದಿದ್ದರೆ ಫ್ರಾನ್ಸಿನ ವೂವ್ರೇ ಪ್ರದೇಶದ ಡೆಮಿ ಸೆಕ್, ಅಂದರೆ ಅರೆಸಿಹಿ ವೈನ್ ತನ್ನಿ, ಅದು ಶೆನಿನ್ ಬ್ಲಾಂಕ್ ದ್ರಾಕ್ಷಿಯದು, ಕೆಲಸ ಅದೇ. ಓಕ್‌ನಲ್ಲಿ ಬಹಳ ಕಾಲ ಇಟ್ಟ ಬೆಣ್ಣೆಯಂಥ ಶಾರ್ಡನೆ ಬೇಡ. ಬರೀ ಟರ್ಕಿ ಮತ್ತು ಗ್ರೇವಿ ಇದ್ದರೆ ಅದು ಒಳ್ಳೆಯದೇ, ಕ್ರ್ಯಾನ್‌ಬೆರಿ ತಗುಲಿದ ಕೂಡಲೇ ಕಹಿಯಾಗುತ್ತದೆ.

ಕೆಂಪಿನಲ್ಲಿ ಪಿನೋ ನ್ವಾರ್ ಅಥವಾ ಗಮೆ ದ್ರಾಕ್ಷಿಯ ವೈನ್. ಎರಡರಲ್ಲೂ ಒಗರು ಕಡಿಮೆ, ಕೆಂಪು ಹಣ್ಣುಗಳ ರುಚಿ ಮುಂದೆ, ಹಾಗಾಗಿ ಕ್ರ್ಯಾನ್‌ಬೆರಿಗೆ ಅವು ನೆಂಟರಿದ್ದಂತೆ. ಗಮೆ ಬೇಕೆಂದರೆ ಫ್ರಾನ್ಸಿನ ಬೋಜೊಲೆ ಪ್ರದೇಶದ ಹತ್ತು ಕ್ರೂಗಳಲ್ಲಿ (ತಮ್ಮದೇ ಹೆಸರಿನಲ್ಲಿ ವೈನ್ ಮಾರುವ ಹೆಸರಾಂತ ಜಾಗಗಳು) ಒಂದರದ್ದನ್ನು ತನ್ನಿ, ಫ್ಲೂರಿ ಅಥವಾ ಮೊರ್ಗೋನ್. ನವೆಂಬರ್ ತಿಂಗಳ ಮೂರನೇ ಗುರುವಾರ ಹೊರಬರುವ ಬೋಜೊಲೆ ನೂವೋ ಬೇರೆ ಸರಕು. ಕೊಯ್ಲಾದ ಕೆಲವೇ ವಾರಗಳಲ್ಲಿ ಬಾಟಲಿಗೆ ಇಳಿಸಿದ್ದು, ಕುಡಿಯಲು ಹಗುರ, ಸ್ಟಫಿಂಗ್ ಮತ್ತು ಗ್ರೇವಿಯ ಮುಂದೆ ತೆಳುವಾಗುತ್ತದೆ. ಎರಡರಲ್ಲಿ ಒಂದು ಎಂದರೆ ನಾನು ಗಮೆ ಕಡೆಗೆ. ಅದೇ ದರ್ಜೆಯ ಪಿನೋಗಿಂತ ಸಾಮಾನ್ಯವಾಗಿ ಅಗ್ಗ, ಗ್ಲಾಸು ಗ್ಲಾಸು ಖಾಲಿಯಾಗುವ ಊಟದಲ್ಲಿ ಅದೂ ಮುಖ್ಯ. ಆಲ್ಕೋಹಾಲ್ 13.5ರ ಒಳಗಿರಲಿ. 15ರ ವೈನ್ ಉಪ್ಪಿನ ಹ್ಯಾಮಿನ ಜೊತೆ ಗಂಟಲು ಸುಡುತ್ತದೆ, ಸ್ಟಫಿಂಗ್‌ನಲ್ಲಿ ಮೆಣಸಿನ ಖಾರ ಇದ್ದರೆ ಆ ಉರಿಯನ್ನು ದುಪ್ಪಟ್ಟು ಮಾಡುತ್ತದೆ.

ಸಾಲ್ಮನ್‌ಗೆ ಕೆಂಪು ಬೇಡವೇ ಬೇಡ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಜೊತೆ ಸೇರಿ ಬಾಯಲ್ಲಿ ಲೋಹದ ರುಚಿ, ಹಳಸಲು ಮೀನಿನ ವಾಸನೆ ಬರಿಸುತ್ತದೆ. ಬೇಕಾದದ್ದು ಸ್ಪಾರ್ಕ್ಲಿಂಗ್, ಅಂದರೆ ಗುಳ್ಳೆಯೇಳುವ ವೈನ್. ಇಲ್ಲಿ ಲೇಬಲ್ಲಿನ ಒಂದು ಪದ ಎಷ್ಟೋ ಜನರನ್ನು ದಾರಿ ತಪ್ಪಿಸುತ್ತದೆ. ಬ್ರೂಟ್ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಬ್ರೂಟ್ ಎಂದರೆ 6ರ ಒಳಗೆ. ಆದರೆ ಎಕ್ಸ್‌ಟ್ರಾ ಡ್ರೈ ಎಂದರೆ 12ರಿಂದ 17 ಗ್ರಾಂ, ಅಂದರೆ ಹೆಸರಿನಲ್ಲಿ ಡ್ರೈ ಇದ್ದರೂ ಬ್ರೂಟ್‌ಗಿಂತ ಸಿಹಿ. ಮೀನಿಗೆ ಬ್ರೂಟ್ ಎಂದು ಬರೆದದ್ದನ್ನೇ ತನ್ನಿ. ಶಾಂಪೇನೇ ಆಗಬೇಕಿಲ್ಲ. ಸ್ಪೇನಿನ ಕಾವಾ, ಫ್ರಾನ್ಸಿನ ಇತರ ಪ್ರದೇಶಗಳ ಕ್ರೆಮಾನ್ ಕೂಡ ಬಾಟಲಿಯೊಳಗೇ ಎರಡನೇ ಸಲ ಹುದುಗಿಸಿದವು, ಉಪ್ಪು ಮೀನಿಗೆ ಅವು ಧಾರಾಳ ಸಾಕು.

ಈಗ ಉಷ್ಣತೆಯ ಮಾತು. ವೈನಿನ ಹೆಸರಿಗೆ ತಲೆ ಕೆಡಿಸಿಕೊಂಡಷ್ಟು ಇದಕ್ಕೆ ಯಾರೂ ಕೆಡಿಸಿಕೊಳ್ಳುವುದಿಲ್ಲ, ಊಟ ಹಾಳಾಗುವುದು ಹೆಚ್ಚಾಗಿ ಇದರಿಂದಲೇ. ಸ್ಪಾರ್ಕ್ಲಿಂಗ್ 6ರಿಂದ 8 ಡಿಗ್ರಿ ಸೆಲ್ಸಿಯಸ್, ರೀಸ್ಲಿಂಗ್ 8ರಿಂದ 10, ಪಿನೋ ಮತ್ತು ಗಮೆ 13ರಿಂದ 14, ಕ್ಯಾಬರ್ನೆ 16ರಿಂದ 18. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು ಎನ್ನುವ ಮಾತು ಹೀಟರ್ ಇಲ್ಲದ ತಣ್ಣನೆಯ ಮನೆಗಳ ಕಾಲದ್ದು. ಓವನ್ ಅರ್ಧ ದಿನ ಉರಿದ, ಎಂಟು ಜನ ಕೂತ ಕೋಣೆ 24 ಡಿಗ್ರಿ ಮೀರಿರುತ್ತದೆ. ಆ ಬಿಸಿಗೆ ಕೆಂಪು ವೈನ್ ಸಪ್ಪೆಯಾಗಿ ಆಲ್ಕೋಹಾಲ್ ಮಾತ್ರ ಮೂಗಿಗೆ ಹೊಡೆಯುತ್ತದೆ. ಗಮೆ, ಪಿನೋಗಳನ್ನು ಬಡಿಸುವ 40 ನಿಮಿಷ ಮೊದಲು ಫ್ರಿಜ್‌ಗೆ ಹಾಕಿ. ಬಿಳಿ ಮತ್ತು ಸ್ಪಾರ್ಕ್ಲಿಂಗ್‌ಗೆ ಮೂರು ಗಂಟೆ ಬೇಕು. ಹಬ್ಬದ ದಿನ ಫ್ರಿಜ್‌ನಲ್ಲಿ ಜಾಗವಿರುವುದಿಲ್ಲ, ಆದ್ದರಿಂದ ಬಕೆಟ್ ಒಂದನ್ನು ಸಿದ್ಧವಿಡಿ: ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು. ಬಾಟಲಿ ಕತ್ತಿನ ತನಕ ಮುಳುಗಿರಲಿ, 20 ನಿಮಿಷ ಸಾಕು. ಬರೀ ಐಸ್ ತುಂಬಿದರೆ ಬಾಟಲಿಗೂ ಐಸಿಗೂ ನಡುವೆ ಗಾಳಿ ನಿಂತು ತಣಿಯುವುದು ನಿಧಾನ. ಫ್ರೀಜರ್‌ಗೆ ಹಾಕಿ ಮರೆಯಬೇಡಿ, ಗಡ್ಡೆಕಟ್ಟಿದ ವೈನ್ ಹಿಗ್ಗಿ ಬಿರಡೆಯನ್ನು ತಳ್ಳುತ್ತದೆ, ಬಾಟಲಿಯೇ ಒಡೆಯಲೂಬಹುದು.

ಸ್ಪಾರ್ಕ್ಲಿಂಗ್ ತೆರೆಯುವಾಗ ಎಚ್ಚರವಿರಲಿ, ಒಳಗೆ 5ರಿಂದ 6 ವಾತಾವರಣದಷ್ಟು ಒತ್ತಡವಿರುತ್ತದೆ. ತಂತಿಯ ಉಂಗುರವನ್ನು ಆರು ಅರ್ಧ ಸುತ್ತು ತಿರುಗಿಸಿದರೆ ಸಡಿಲವಾಗುತ್ತದೆ. ಆಗಿನಿಂದ ಕೊನೆಯವರೆಗೂ ಹೆಬ್ಬೆರಳು ಬಿರಡೆಯ ಮೇಲಿಂದ ಏಳಬಾರದು. ಬಾಟಲಿಯನ್ನು ಯಾರ ಮುಖಕ್ಕೂ ಹಿಡಿಯದೆ 45 ಡಿಗ್ರಿ ಓರೆ ಮಾಡಿ, ಬಿರಡೆಯನ್ನು ಬಿಗಿಹಿಡಿದು ಬಾಟಲಿಯನ್ನು ತಿರುಗಿಸಿ. ಬಿಸಿಯಾದ ಅಥವಾ ಅಲುಗಾಡಿಸಿದ ಬಾಟಲಿಯೇ ಉಕ್ಕುವುದು.

ಕುಂಬಳಕಾಯಿ ಪೈಗೆ ಊಟದ ವೈನನ್ನೇ ಮುಂದುವರಿಸಬೇಡಿ, ಮೇಲೆ ಹೇಳಿದ ಕಾರಣಕ್ಕೇ. ವೈನ್ ಪೈಗಿಂತ ಒಂದು ಕೈ ಹೆಚ್ಚು ಸಿಹಿಯಾಗಿರಬೇಕು. ಚಕ್ಕೆ, ಜಾಯಿಕಾಯಿ ಇರುವ ಪೈಗೆ ಹಂಗೆರಿಯ ಸಿಹಿ ವೈನ್ ತೊಕಾಯಿ ಅಸು ಅಥವಾ ಪೀಪಾಯಿಯಲ್ಲಿ ಹಳತಾದ ಪೋರ್ಚುಗಲ್‌ನ ಸಿಹಿ ವೈನ್ ಟಾನಿ ಪೋರ್ಟ್ ಚೆನ್ನ. ಸೇಬಿನ ಪೈ ಆದರೆ ತಡವಾಗಿ ಕೊಯ್ದ ದ್ರಾಕ್ಷಿಯ ರೀಸ್ಲಿಂಗ್. ಚಾಕೊಲೇಟ್ ಆದರೆ ಪೋರ್ಟ್ ಅಥವಾ ಫ್ರಾನ್ಸಿನ ಸಿಹಿ ವೈನ್ ಬಾನ್ಯೂಲ್ಸ್. ಒಣಹಣ್ಣು ತುಂಬಿದ ಕಪ್ಪು ಪುಡಿಂಗ್‌ಗೆ ಸ್ಪೇನಿನ ಗಾಢ ಸಿಹಿ ವೈನ್ ಪೆಡ್ರೊ ಹಿಮೆನೆಸ್ ಶೆರಿಗಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ. ಹೊಟ್ಟೆ ಆಗಲೇ ಭಾರವಾಗಿದ್ದರೆ 5 ಶೇಕಡಾ ಆಸುಪಾಸಿನ ಆಲ್ಕೋಹಾಲ್ ಇರುವ ಇಟಲಿಯ ಸಿಹಿ ವೈನ್ ಮೊಸ್ಕಾಟೊ ದಾಸ್ತಿ ತೆರೆಯಿರಿ, ಹಗುರವಾಗಿ ಮುಗಿಯುತ್ತದೆ. ಆದರೆ ಕುಂಬಳಕಾಯಿ ಪೈಯ ಮಸಾಲೆಗೆ ಅದು ಸ್ವಲ್ಪ ಸೊರಗುತ್ತದೆ.

ಚೀಸ್ ಬಂದಾಗ ನಿಮ್ಮ ಕ್ಯಾಬರ್ನೆಯನ್ನು ತೆರೆಯಿರಿ. ಹಳೆಯ ಗಟ್ಟಿ ಚೆಡ್ಡರ್ ಅಥವಾ ಗೌಡಾದ ಜಿಡ್ಡು ಮತ್ತು ಉಪ್ಪು ಅದರ ಒಗರಿಗೆ ಹೇಳಿ ಮಾಡಿಸಿದ ಜೋಡಿ. ಹಾಗೆ ಮಾಡುವುದಾದರೆ ಚೀಸನ್ನು ಪೈಗಿಂತ ಮೊದಲು ಬಡಿಸಿ, ಪೈಯ ಸಿಹಿ ನಾಲಿಗೆಯಲ್ಲಿದ್ದರೆ ಕ್ಯಾಬರ್ನೆ ಮತ್ತೆ ಕಹಿಯಾಗುತ್ತದೆ. ಕ್ಯಾಬರ್ನೆ ಇತ್ತೀಚಿನ ವರ್ಷಗಳದ್ದಾದರೆ ಒಂದು ಗಂಟೆ ಮೊದಲೇ ಅಗಲ ಬಾಯಿಯ ಪಾತ್ರೆಗೆ ಸುರಿದಿಡಿ. ಬಿರಡೆ ತೆಗೆದು ಬಾಟಲಿಯನ್ನು ಹಾಗೇ ಇಟ್ಟರೆ ಆ ಸಣ್ಣ ಕತ್ತಿನಿಂದ ಒಳಹೋಗುವ ಗಾಳಿ ಲೆಕ್ಕಕ್ಕಿಲ್ಲ. ಹತ್ತಾರು ವರ್ಷ ಹಳೆಯದಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಬಡಿಸುವ ಹೊತ್ತಿಗೆ ನಿಧಾನವಾಗಿ ಬಗ್ಗಿಸುತ್ತ ಗಸಿ ಕತ್ತಿಗೆ ಬಂದ ಕೂಡಲೇ ನಿಲ್ಲಿಸಿ. ನೀಲಿ ಚೀಸ್ ಇದ್ದರೆ ಅದಕ್ಕೆ ಮಾತ್ರ ಕ್ಯಾಬರ್ನೆ ಕೊಡಬೇಡಿ, ಪೈಗೆಂದು ತಂದ ಸಿಹಿ ವೈನನ್ನೇ ಕೊಡಿ. ಸ್ಟಿಲ್ಟನ್ ಜೊತೆ ಪೋರ್ಟ್, ರಾಕ್‌ಫೋರ್ ಜೊತೆ ಫ್ರಾನ್ಸಿನ ಸಿಹಿ ಬಿಳಿ ವೈನ್ ಸೊಟೆರ್ನ್ ಎನ್ನುವುದು ಸುಮ್ಮನೆ ಬಂದ ರೂಢಿಯಲ್ಲ, ಆ ಕಟು ಉಪ್ಪಿಗೆ ಸಿಹಿಯೇ ಮದ್ದು.

ಲೆಕ್ಕ ಹೀಗೆ: 750 ಮಿಲಿಲೀಟರಿನ ಬಾಟಲಿಯಲ್ಲಿ 150ರ ಐದು ಗ್ಲಾಸ್. ಎಂಟು ಜನಕ್ಕೆ ಒಂದು ಸ್ಪಾರ್ಕ್ಲಿಂಗ್ (ತಲಾ 90ರಷ್ಟು ಬರುತ್ತದೆ), ಎರಡು ಬಿಳಿ, ಎರಡು ಕೆಂಪು, ನಿಮ್ಮಲ್ಲಿರುವ ಒಂದು ಕ್ಯಾಬರ್ನೆ, 375ರ ಒಂದು ಅರ್ಧ ಬಾಟಲಿ ಸಿಹಿ. ಬಿಳಿ ಮತ್ತು ಕೆಂಪಿನ ಎರಡನೇ ಬಾಟಲಿಗಳನ್ನು ಮೊದಲನೆಯದು ಮುಗಿದ ಮೇಲೆ ಮಾತ್ರ ತೆರೆಯಿರಿ, ಹಲವು ಸಲ ಅವುಗಳ ಅಗತ್ಯವೇ ಬರುವುದಿಲ್ಲ. ಅವು ಇರಬೇಕಾದದ್ದು ಇನ್ನೊಂದು ಕಾರಣಕ್ಕೆ: ಬಿರಡೆಯ ದೋಷದಿಂದ ಆಗೊಮ್ಮೆ ಈಗೊಮ್ಮೆ ವೈನ್ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ. ಗಾಳಿಗಿಟ್ಟರೆ ಅದು ಹೋಗುವುದಿಲ್ಲ, ಬದಲಿಸಲೇಬೇಕು. ಹಾಗಾಗಿ ಬಡಿಸುವ ಮುನ್ನ ಪ್ರತಿ ಬಾಟಲಿಯನ್ನೂ ನೀವೇ ಮೂಸಿ ನೋಡಿ. ಗಾಡಿ ಓಡಿಸುವವರಿಗೆ, ಕುಡಿಯದವರಿಗೆ ಹುಳಿ ಸೇಬಿನ ರಸಕ್ಕೆ ಸೋಡಾ ಬೆರೆಸಿ ತಣ್ಣಗೆ ಕೊಡಿ. ಅದೂ ಈ ತಟ್ಟೆಗೆ ಹೊಂದುತ್ತದೆ, ಕಾರಣ ಅದೇ ಹುಳಿ ಮತ್ತು ಸಿಹಿ.

ಗ್ರೇವಿಗೆ ವೈನ್ ಹಾಕುವಿರಾದರೆ ರೀಸ್ಲಿಂಗ್‌ನದ್ದೇ ಅರ್ಧ ಗ್ಲಾಸ್ ಸಾಕು. ಕ್ಯಾಬರ್ನೆ ಸುರಿದು ಕುದಿಸಿದರೆ ನೀರು ಆರಿ ಒಗರು ಗಟ್ಟಿಯಾಗಿ ಗ್ರೇವಿ ಕಹಿಯಾಗುತ್ತದೆ. ಉಳಿದ ಬಾಟಲಿಗಳನ್ನು, ಕೆಂಪಾದರೂ ಸರಿ, ಬಿರಡೆ ಒತ್ತಿ ಫ್ರಿಜ್‌ನಲ್ಲಿಡಿ. ಮೂರು ದಿನ ಚೆನ್ನಾಗಿರುತ್ತವೆ, ಟಾನಿ ಪೋರ್ಟ್ ಕೆಲವು ವಾರ ಬಾಳುತ್ತದೆ. ಸ್ಪಾರ್ಕ್ಲಿಂಗ್‌ಗೆ ಕಚ್ಚಿ ಹಿಡಿಯುವ ವಿಶೇಷ ಮುಚ್ಚಳವೇ ಬೇಕು. ಕತ್ತಿನಲ್ಲಿ ಬೆಳ್ಳಿ ಚಮಚ ಇಳಿಬಿಟ್ಟರೆ ಗುಳ್ಳೆ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.