ಆರಿಹೋದ ಐದು ಲೋಟ ಕಾಫಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

"ಮೇಡಂ, ಅಕ್ಕಿ ಬೇಳೆ ಎಲ್ಲ ತಂದುಕೊಡ್ತಾರೆ. ನಮ್ಮನೆ ಕಾಫಿ ಮಾತ್ರ ಕುಡಿಯಲ್ಲ."

ನನ್ನ ಬಳಿ ಆಪ್ತಸಲಹೆಗೆ ಬಂದ ಆಕೆಯ ಮೊದಲ ಮಾತೇ ಇದು. ಮೈಸೂರಿನವರು, ವಯಸ್ಸು 40ರ ಆಸುಪಾಸು, ಗಂಡ ತೀರಿಹೋಗಿದ್ದಾರೆ. ಎಚ್‌ಐವಿ ಇರುವುದು ಗೊತ್ತಾಗಿ 6 ವರ್ಷ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯಿಂದಾಗಿ ವೈರಸ್ ರಕ್ತಪರೀಕ್ಷೆಯಲ್ಲಿ ಕಾಣದಷ್ಟು ತಗ್ಗಿತ್ತು. ಆದರೆ 10 ದಿನದಿಂದ ಮಾತ್ರೆ ಬಿಟ್ಟಿದ್ದರು.

ಅವರ ಚರ್ಚಿನ ಸೇವಾ ತಂಡ ತಿಂಗಳಿಗೊಮ್ಮೆ ಮನೆಗೆ ಬರುತ್ತದೆ. ಜಪಸರ ಹೇಳುತ್ತಾರೆ. ಮಗಳ ಕಾಲೇಜು ಫೀಸನ್ನೂ ಕಟ್ಟಿದ್ದಾರೆ. ಒಳ್ಳೆಯ ಜನ, ಅದರಲ್ಲಿ ಅನುಮಾನವಿಲ್ಲ. ಆದರೆ ಲೋಟ ಮುಂದಿಟ್ಟ ಕೂಡಲೇ "ಈಗ್ತಾನೇ ಕುಡಿದು ಬಂದ್ವಮ್ಮ" ಅನ್ನುತ್ತಾರೆ. ಕಳೆದ ತಿಂಗಳು ಐದು ಲೋಟವೂ ಹಾಗೇ ಆರಿದವು. ಮಗಳು ಸುಮ್ನೆ ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದಳು. ಸಾಲದ್ದಕ್ಕೆ ಭಾನುವಾರದ ಪೂಜೆಯಲ್ಲಿ "ಆ ಕಾಯಿಲೆಯಿಂದ ನರಳುತ್ತಿರುವ ನಮ್ಮ ಸಹೋದರಿಗಾಗಿ" ಎಂದು ಪ್ರಾರ್ಥನೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅಲ್ವಾ? ಬೆಂಚಿನಲ್ಲಿದ್ದವರು ತಿರುಗಿ ನೋಡಿದರು. ಅವತ್ತಿನಿಂದ ಚರ್ಚೂ ಇಲ್ಲ, ಮಾತ್ರೆಯೂ ಇಲ್ಲ.

ಮೊದಲು ಮಾತ್ರೆಯ ವಿಷಯ ಎತ್ತಿದೆ. ಬಿಟ್ಟು ಬಿಟ್ಟು ತಗೊಂಡರೆ ವೈರಸ್ ಔಷಧಿಗೆ ಬಗ್ಗದಂತಾಗುತ್ತದೆ. ನಾಳೆಯೇ ಎಆರ್‌ಟಿ ಕೇಂದ್ರಕ್ಕೆ ಹೋಗಿ ಇದ್ದದ್ದು ಇದ್ದಂತೆ ಹೇಳಿ ಎಂದೆ. "ಬೈತಾರೆ" ಅಂದರು. ಬೈದರೆ ಬೈಸಿಕೊಳ್ಳಿ, ಮಾತ್ರೆ ಮಾತ್ರ ತನ್ನಿ ಅಂದೆ. ಸ್ವಲ್ಪ ನಕ್ಕರು. ಮನಸ್ಸು ತೀರಾ ಕುಗ್ಗಿದಾಗ ಮಾತಾಡಲು ಎಚ್‌ಐವಿ ಸಹಾಯವಾಣಿ 1097 ಕೊಟ್ಟೆ, ಕರೆ ಉಚಿತ. ನಂಬಿ ಹೇಳಿದ್ದನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದು 2017ರ ಎಚ್‌ಐವಿ ಕಾಯ್ದೆಗೆ ವಿರುದ್ಧ ಎಂದೂ ತಿಳಿಸಿದೆ.

"ದೂರು ಗೀರು ಬೇಡ ಮೇಡಂ. ಅವರೂ ನಮ್ಮೋರೇ."

ಹಾಗಾದರೆ ಫಾದರ್ ಹತ್ತಿರ ಮಾತಾಡಲೇ ಎಂದು ಕೇಳಿದೆ. ಯೋಚಿಸಲು ಒಂದು ವಾರ ತಗೊಂಡರು. ಒಪ್ಪಿದ ಮೇಲೆ ಅವರ ಎದುರಿಗೇ ಮಾತಾಡಿದೆ.

ಫಾದರ್‌ಗೆ ನೋವಾಯಿತು. "ಕರುಣೆಯಿಂದಲೇ ಮಾಡಿದ್ದು" ಅಂದರು. ಲೋಟದಿಂದ, ಕೈ ಹಿಡಿಯುವುದರಿಂದ, ಜೊತೆಗೆ ಉಣ್ಣುವುದರಿಂದ ಎಚ್‌ಐವಿ ಹರಡುವುದಿಲ್ಲ. ಎಚ್‌ಐವಿ ಇರುವವರಿಗೆ ಚಿಕಿತ್ಸೆ ಕೊಡುವ 'ಆಶಾಕಿರಣ' ಆಸ್ಪತ್ರೆ ಇರುವ ಊರಿನಲ್ಲಿ ಇದನ್ನು ಹೊಸದಾಗಿ ಹೇಳಬೇಕಿಲ್ಲ. ತಲೆಗೆ ಗೊತ್ತಿದ್ದರೂ ಕೈ ಹಿಂಜರಿಯುತ್ತದೆ, ಅಷ್ಟೇ. ಹಾಗಾಗಿ ಉಪನ್ಯಾಸ ಏರ್ಪಡಿಸುವ ಅವರ ಯೋಚನೆ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಎರಡೇ ಮಾತು ಹೇಳಿದೆ. ಯಾರಿಗಾಗಿ ಏನೆಂದು ಪ್ರಾರ್ಥಿಸಬೇಕೋ ಮೊದಲು ಅವರನ್ನೇ ಕೇಳಿ. ಫೆಬ್ರುವರಿ 11, ಲೂರ್ದು ಮಾತೆಯ ಹಬ್ಬ, ರೋಗಿಗಳ ದಿನ. ಅವತ್ತು ಇವರನ್ನು ರೋಗಿಗಳ ಸಾಲಿನಲ್ಲಿ ಕೂರಿಸುವ ಬದಲು ಹಾಡಲು ಕರೆಯಿರಿ. ಮದುವೆಗೆ ಮುಂಚೆ ಗಾನವೃಂದದಲ್ಲಿ ಇದ್ದವರು ಇವರು.

ಮೂರನೇ ಭೇಟಿಗೆ ಬಂದಾಗ ಮಾತ್ರೆ ಮತ್ತೆ ಶುರುವಾಗಿತ್ತು. ಹಾಡಲು ಇನ್ನೂ ಧೈರ್ಯ ಸಾಲದು ಅಂದರು. ಆ ತಿಂಗಳು ತಂಡದಲ್ಲಿ ನಾಲ್ಕು ಜನ ಲೋಟ ಮುಟ್ಟಲಿಲ್ಲ. ಒಬ್ಬ ವಯಸ್ಸಾದ ಅಮ್ಮ ಮಾತ್ರ ಪೂರ್ತಿ ಕುಡಿದು, "ಸಕ್ಕರೆ ಜಾಸ್ತಿ ಆಯ್ತಲ್ಲೇ" ಎಂದು ಗದರಿದರಂತೆ. ಅದನ್ನು ನನಗೆ ಮೂರು ಸಲ ಹೇಳಿದರು.