ಆಯುಧಪೂಜೆ ಮುಗಿದ ಮೇಲೆ ಬೀದಿಗೆ ಬೀಳುವ ಬಾಳೆಕಂಬಗಳಿಂದ ಬಟ್ಟೆ ನೇಯಬಹುದೇ?

ಬಾಳೆನಾರಿನಿಂದ ನೇಯಬಹುದು, ಆದರೆ ಆ ಕಂಬಗಳಿಂದಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹಬ್ಬಕ್ಕೆ ಮಾರುವುದು ಬಹುತೇಕ ಎಳೆಯ ಕಂದು, ಅಂದರೆ ಬಾಳೆಯ ಬುಡದಲ್ಲಿ ಏಳುವ ಮರಿಗಿಡ. ನಾರು ಬಲಿತಿರುವುದಿಲ್ಲ, ಬೀದಿಯಲ್ಲಿ ಬಿದ್ದು ಬಾಡಿದರೆ ಬಣ್ಣವೂ ಕೆಡುತ್ತದೆ.

ಬೇಕಾದದ್ದು ಗೊನೆ ಕಡಿದ ತೋಟದ ಕಂಬ. ಒಂದು ಕಂಬ ಫಲ ಕೊಡುವುದು ಒಂದೇ ಸಲ, ಆಮೇಲೆ ಅದನ್ನು ರೈತ ಕಡಿಯಲೇಬೇಕು. ಪಟ್ಟೆಗಳನ್ನು ಬಿಡಿಸಿ ಯಂತ್ರದ ಉರುಳೆಗೆ ಕೊಟ್ಟರೆ ಅದರ ಅಲಗುಗಳು ತಿರುಳನ್ನು ಕೆರೆದು ಎಳೆಗಳನ್ನಷ್ಟೇ ಉಳಿಸುತ್ತವೆ. ತೊಳೆದು ನೆರಳಲ್ಲಿ ಒಣಗಿಸಬೇಕು. ಕಂಬದ ತೂಕದಲ್ಲಿ ಶೇ 90ರಷ್ಟು ನೀರೇ ಇರುವುದರಿಂದ 100 ಕಿಲೋಗೆ ಒಂದೆರಡು ಕಿಲೋ ನಾರು ದಕ್ಕಿದರೆ ಹೆಚ್ಚು. ಹಾಗಾಗಿ ಯಂತ್ರ ತೋಟದ ಪಕ್ಕದಲ್ಲೇ ಇರಬೇಕು. ಅಷ್ಟು ನೀರನ್ನು ಲಾರಿಯಲ್ಲಿ ಬೆಂಗಳೂರಿಗೆ ಹೊರುವುದು ದಂಡ.

ನಿಜವಾದ ತೊಡಕು ನೂಲುವುದರಲ್ಲಿದೆ. ಹೂ ಕಟ್ಟುವ ಬಾಳೆನಾರನ್ನು ಮುಟ್ಟಿ ನೋಡಿ, ಎಷ್ಟು ಬಿರುಸು! ಲಿಗ್ನಿನ್ ಎಂಬ ಗಟ್ಟಿ ಸಸ್ಯಾಂಶ ಮತ್ತು ಅಂಟಿನಂಶ ಎಳೆಗಳನ್ನು ಬಿಗಿದಿರುತ್ತವೆ. ಕ್ಷಾರ ಅಥವಾ ಕಿಣ್ವದಿಂದ ಅವನ್ನು ತಗ್ಗಿಸಿ, ಹತ್ತಿಯೊಂದಿಗೆ ಬೆರೆಸಿ ನೂತರೆ ಮೈಗೆ ಹಿತವಾದ ಬಟ್ಟೆ ಬರುತ್ತದೆ. ಆ ಕ್ಷಾರದ ನೀರನ್ನು ಶುದ್ಧಗೊಳಿಸದೆ ಚರಂಡಿಗೆ ಬಿಟ್ಟು ತಯಾರಿಸಿದ ಬಟ್ಟೆಯನ್ನು ನಾನಂತೂ ಪರಿಸರಸ್ನೇಹಿ ಎನ್ನಲಾರೆ. ನೀವು ಮನೆಯಲ್ಲೇ ಆರಂಭಿಸುವುದಾದರೆ ಚೀಲ, ಚಾಪೆ ಹೆಣೆಯಿರಿ. ಅವಕ್ಕೆ ಈ ಬಿರುಸೇ ಒಳ್ಳೆಯದು.